ಎಂಜಲ ದಾರ

ಅಂಗಿಯ ಎರಡನೆಯ ಗುಂಡಿಯನ್ನು ಕಾಜಿಗೆ ತೂರಿಸುವಾಗ ಅವನ ಬೆರಳು ಒಂದು ಗಳಿಗೆ ತಡೆಯಿತು. ನಿನ್ನೆ ಸಂಜೆಯವರೆಗೆ ಒಂದೇ ಎಳೆಯಲ್ಲಿ ಜೋತಾಡುತ್ತಿದ್ದ ಗುಂಡಿ ಈಗ ಬಿಗಿಯಾಗಿ ಕೂತಿತ್ತು. ಹೆಂಡತಿ ಹೊಲಿದುಕೊಟ್ಟಿದ್ದಳು. ಹೊಲಿದದ್ದು ಮಾತ್ರ ಹೇಗೆ? ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಆ ಕಡೆ ಹೋಗಿ ಎಂದಳು. ಅವನು ಬಾಗಿಲವರೆಗೆ ಸರಿದಮೇಲೆ ಎದ್ದು ಬಂದು ಎತ್ತಿಕೊಂಡಳು, ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಕೂತು ಹೊಲಿದಳು, ಕೊನೆಗೆ ದಾರವನ್ನು ಹಲ್ಲಲ್ಲಿ ಕಚ್ಚಿ ಕಡಿದು, ಅಂಗಿಯನ್ನು ಮತ್ತೆ ಅದೇ ಕುರ್ಚಿಗೆ ಹಾಕಿ ದೂರ ನಿಂತಳು. ದಾರ ಬಾಯಿಗೆ ಹೋದದ್ದನ್ನು ಕಂಡು ಅವನು ಅಭ್ಯಾಸಬಲದಿಂದ, ಕತ್ತರಿ ಇದೆಯಲ್ಲ ಎಂದು ಗೊಣಗಿದ್ದ. "ನಿಮ್ಮ ಲ್ಯಾಬಿನ ಕಾನೂನು ಲ್ಯಾಬಲ್ಲೇ ಇರ್ಲಿ," ಎಂದಿದ್ದಳು. ಆ ಮಾತಿನಲ್ಲಿ ಹೊಸದೇನೂ ಇರಲಿಲ್ಲ, ಮದುವೆಯಾದಾಗಿನಿಂದ ಕೇಳುತ್ತ ಬಂದದ್ದೇ. ಹೊಸದು ಅವಳು ನಿಂತ ಜಾಗ. ತನ್ನ ತಂಗಿಯ ಮನೆಗೆಂದು ಹೋಗಿ ಬಂದಾಗಿನಿಂದ ಅವಳು ಅವನಿಗೆ ಒಂದು ಮಾರು ದೂರ ಇಟ್ಟುಕೊಂಡೇ ಓಡಾಡುತ್ತಿದ್ದಳು. ಮಲಗುವುದು ಮುಂದಿನ ಕೋಣೆಯಲ್ಲಿ. ನಿಮ್ಮ ಗೊರಕೆ ತಡೆಯಕ್ಕಾಗಲ್ಲ ಎಂಬುದು ನೆಪ. ಇಷ್ಟು ವರ್ಷ ತಡೆದ ಗೊರಕೆಗೆ ಈ ವಾರ ಯಾವ ಕೊಂಬು ಬಂತೋ. ಅವಳ ತಟ್ಟೆ ಬೇರೆ, ಲೋಟ ಬೇರೆ. ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಲ್ಯಾಬಿನಲ್ಲಿ ದಿನವೂ ಉಪ್ಪಿನ ಜೊತೆ ಕೆಲಸ ಮಾಡುವವನು ಅವನು, ನೀರು ಕುಡಿಯುತ್ತಿರುವವಳು ಅವಳು.

ಈಗಲೂ ಚಹಾ ತಂದವಳು ಮೇಜಿನ ಅಂಚಿಗಿಟ್ಟು ಹಿಂದೆ ಸರಿದಳು. ಇಡುವಾಗ ಕಪ್ಪು ಸಾಸರಿನ ಮೇಲೆ ಗಲಗಲ ಎಂದಿತು. ಆ ಕೈ ಕೆಲವು ತಿಂಗಳಿಂದ ಹೀಗೇ ನಡುಗುತ್ತಿತ್ತು, ಮಾತೂ ಹಾಗೇ ತಟ್ಟನೆ ಸಿಡಿಯುತ್ತಿತ್ತು. ಸಿಟ್ಟು ಒಳಗೇ ಕುದಿಯುತ್ತಿರುವವರ ಕೈ ಹೀಗೆ ನಡುಗುತ್ತದೆ ಎಂದುಕೊಂಡಿದ್ದ. ಅವಳ ಹೆಗಲ ಮೇಲೆ ಒಂದು ನೂಲಿನ ಚೂರು ಕೂತಿರುವುದು ಕಂಡು ತೆಗೆಯಲು ಕೈ ಚಾಚಿದ.

"ಮುಟ್ಟಬೇಡಿ," ಎಂದಳು.

ಗಟ್ಟಿಯಾಗಿ ಹೇಳಲಿಲ್ಲ. ಬಿಸಿ ಪಾತ್ರೆಯ ಹತ್ತಿರ ಹೋದ ಮಗುವಿಗೆ ಹೇಳುವಂತೆ ಹೇಳಿದಳು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಮುಟ್ಟಬೇಡ. ಅದು ಅವನ ಮಾತು. ಆ ಮನೆಯಲ್ಲಿ ಆ ಮಾತಿಗೆ ಹಕ್ಕುದಾರನಿದ್ದರೆ ಅವನೊಬ್ಬನೇ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಿಬಿಡುತ್ತಿದ್ದ. ಸ್ನಾನವಾಗಿ, ಉಗುರಿನ ಸಂದಿಯೆಲ್ಲ ತಿಕ್ಕಿ ಬೇರೆ ಬಟ್ಟೆ ಉಟ್ಟಮೇಲೆ ಅವನು ಗಂಡ, ಅವನು ಅಪ್ಪ. ಅಲ್ಲಿಯವರೆಗೆ ಬರೀ ಒಂದು ಎಚ್ಚರಿಕೆಯ ಫಲಕ. ಮಗಳು ಚಿಕ್ಕವಳಿದ್ದಾಗ ಎರಡೂ ಕೈ ಚಾಚಿ ಓಡಿಬರುತ್ತಿದ್ದಳು, ಹೆಂಡತಿ ಹಿಂದಿನಿಂದ ಫ್ರಾಕು ಹಿಡಿದು ಎಳೆದುಕೊಳ್ಳುತ್ತಿದ್ದಳು, ಮಗು ಗಾಳಿಯಲ್ಲೇ ಓಡುತ್ತಿರುತ್ತಿತ್ತು. ಲ್ಯಾಬಿನಿಂದ ಹೊರಡುವಾಗಲೇ ಎಲ್ಲ ತಪಾಸಣೆ ಆಗಿರುತ್ತದೆ, ವಿಕಿರಣ ಅಳೆಯುವ ಮೀಟರು ಸುಮ್ಮನಿದ್ದರೆ ಭಯವಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಹೇಳುತ್ತಿದ್ದ. ಬುದ್ಧಿ ತಿಳಿದದ್ದನ್ನು ಕೈ ನಂಬುವುದಿಲ್ಲ. ಮಗಳು ಈಗ ಬೇರೆ ಊರಿನಲ್ಲಿ ಶಾಲೆಯ ಟೀಚರು. ಮನೆಗೆ ಬಂದಾಗ ಅಮ್ಮನನ್ನು ತಬ್ಬಿಕೊಂಡು, ಅಪ್ಪನಿಗೆ ಅಷ್ಟು ದೂರದಿಂದಲೇ ಚೆನ್ನಾಗಿದೀರಾ ಅಪ್ಪ ಎನ್ನುತ್ತಾಳೆ. ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲು ತಾನಾಗಿ ಅಲ್ಲೇ ನಿಲ್ಲುತ್ತದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನೊಬ್ಬ ತೂಕಡಿಸುತ್ತ ಅವನ ಹೆಗಲಿಗೆ ತಲೆಯಿಟ್ಟ. ಅವನು ಸರಿಯಲಿಲ್ಲ. ಅಪರಿಚಿತನ ತಲೆಯ ಭಾರ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೆಂಡತಿ ಈಗ ಹೆದರಿದ್ದಾಳೆ, ಇಷ್ಟು ವರ್ಷ ಇಲ್ಲದ ಹೆದರಿಕೆ ಈಗ ಬಂದಿದೆ. ತಂಗಿ ಏನೋ ಕಿವಿಗೆ ಊದಿದ್ದಾಳೆ: ಭಾವನ ಕೆಲಸ ಒಳ್ಳೆಯದಲ್ಲ ಅಕ್ಕ, ನೀನೇ ನೋಡು ಎಷ್ಟು ಇಳಿದುಹೋಗಿದ್ದೀಯ. ಇಳಿದಿರುವುದು ನಿಜ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಚಳಿಯಲ್ಲೂ ಕಿಟಕಿ ತೆರೆದು ಫ್ಯಾನು ಹಾಕುತ್ತಿದ್ದಳು, ಸೆಖೆ ಎನ್ನುತ್ತಿದ್ದಳು. ಅವನು ಕಂಬಳಿ ಹೊದ್ದು ಮುದುಡಿ ಮಲಗಿ, ನನ್ನ ಮೈಯ ಗಾಳಿಯೇ ಇವಳಿಗೆ ಆಗುತ್ತಿಲ್ಲ ಎಂದು ಯೋಚಿಸಿದ್ದ. ಹಾಗೆ ಯೋಚಿಸಿದವನು, ಯಾಕೆ ಸೆಖೆ ಎಂದು ಒಂದು ಮಾತು ಕೇಳಲಿಲ್ಲ.

ಲ್ಯಾಬಿನಲ್ಲಿ ಅವನಿಗೆ ಉಪ್ಪಣ್ಣ ಎಂದು ಹೆಸರು. ಅವನು ಮಾಡುವುದು ಯುರೇನಿಯಂ ಟೆಟ್ರಾಕ್ಲೋರೈಡ್; ಅಷ್ಟುದ್ದ ಹೆಸರನ್ನು ದಿನವೂ ಕರೆಯಲು ಯಾರಿಗೆ ಪುರಸೊತ್ತು, ಎಲ್ಲರೂ ಹಸಿರುಪ್ಪು ಎನ್ನುತ್ತಾರೆ. ಪಕ್ಕದ ಕೋಣೆಗಳ ಸಂಶೋಧಕರಿಗೆ ಅದು ಬೇಕು. ಯುರೇನಿಯಮ್ಮಿನಿಂದ ಅವರು ಯಾವ ಹೊಸ ಸಂಯುಕ್ತ ಕಟ್ಟಬೇಕಾದರೂ ಅಡಿಪಾಯ ಈ ಉಪ್ಪು. ಹಳದಿ ಆಕ್ಸೈಡಿನ ಪುಡಿಯನ್ನು ಕ್ಲೋರಿನ್ ತುಂಬಿದ ಒಂದು ಭಾರವಾದ ದ್ರವದಲ್ಲಿ ಕುದಿಸುತ್ತಾರೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ದ್ರವ ಒಂದೇ ಸಲ ಮನಸ್ಸು ಮಾಡಿದಂತೆ ಕೆಂಪಗಾಗುತ್ತದೆ, ಆ ಕೆಂಪು ಕಪ್ಪಿಗೆ ತಿರುಗುತ್ತದೆ, ಇನ್ನು ಕೆಟ್ಟೇಹೋಯಿತು ಎಂದು ಹೊಸಬರು ಕೈಚೆಲ್ಲುವ ಹೊತ್ತಿಗೆ ತಳದಲ್ಲಿ ಹಸಿರು ಇಳಿಯತೊಡಗುತ್ತದೆ. ಗಾಢ ಹಸಿರು, ಪಾಚಿಯನ್ನು ಒಣಗಿಸಿ ಪುಡಿ ಮಾಡಿದಂಥದು. ನೋಡಲು ಬಂದವರು ಮೂರು ಹೆಜ್ಜೆ ಹಿಂದೆ ನಿಂತೇ ಕತ್ತು ಚಾಚುತ್ತಾರೆ. ಅವರಿಗೆ ಅವನು ಹೇಳುವ ಮಾತೊಂದಿದೆ: ಇದು ನಿಮ್ಮನ್ನು ಕೆಡಿಸುವುದಕ್ಕಿಂತ ಬೇಗ ನೀವು ಇದನ್ನು ಕೆಡಿಸುತ್ತೀರಿ. ಹೆಸರು ಭಯಂಕರ, ಜೀವ ಹೂವಿನದು. ಉಸಿರಿನಲ್ಲಿರುವ ತೇವ ಸೋಕಿದರೆ ಸಾಕು, ಜಿಡ್ಡಾಗಿ, ಮಂಕಾಗಿ, ಯಾವುದಕ್ಕೂ ಬಾರದಂತಾಗುತ್ತದೆ. ಅದಕ್ಕೇ ಗಾಳಿ ತೆಗೆದು ಒಣ ಅನಿಲ ತುಂಬಿದ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯ ಗೋಡೆಗೇ ಅಂಟಿಸಿದ ದಪ್ಪ ರಬ್ಬರಿನ ಕೈಗವಸುಗಳು. ಹೊರಗಿನಿಂದ ಅದರೊಳಗೆ ಕೈ ತೂರಿಸಿ, ಕಣ್ಣೆದುರು ಇರುವುದನ್ನು ಎಂದೂ ಮುಟ್ಟದೆ ಮುಟ್ಟಬೇಕು. ಲ್ಯಾಬಿನ ಒಳಗೆ ಬಾಯಿಗೆ ಏನೂ ಹೋಗಕೂಡದು. ನೀರಿಲ್ಲ, ಪೆನ್ನಿನ ತುದಿ ಕಚ್ಚುವಂತಿಲ್ಲ, ಹಾಳೆ ತಿರುವಲು ಬೆರಳು ನೆಕ್ಕುವಂತಿಲ್ಲ. ಮೂಗು ತುರಿಸಿದರೆ ಭುಜಕ್ಕೆ ತಿಕ್ಕಿಕೊಳ್ಳಬೇಕು. ಮನೆಯಲ್ಲೂ ಅವನು ಹಾಗೇ ತಿಕ್ಕಿಕೊಳ್ಳುತ್ತಾನೆ, ಹೆಂಡತಿ ಅದನ್ನು ನೋಡಿ ಥೇಟು ಎತ್ತು ಎನ್ನುತ್ತಾಳೆ. ಅಲ್ಲ, ಎನ್ನುತ್ತಿದ್ದಳು.

ಅಂದಿನ ಕೆಲಸ ಉಪ್ಪನ್ನು ಶುದ್ಧ ಮಾಡುವುದು. ನಿರ್ವಾತದಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಆವಿಯಾಗಿ ಏಳುತ್ತದೆ, ಕೊಳವೆಯ ತಣ್ಣನೆಯ ಕಡೆಗೆ ಹೋಗಿ ಹರಳಾಗಿ ಕೂರುತ್ತದೆ. ಕೊಳೆಯೆಲ್ಲ ಬಿಸಿಯ ಕಡೆಯೇ ಉಳಿಯುತ್ತದೆ. ಗಾಜಿನ ಗೋಡೆಯ ಮೇಲೆ ಮೊದಲ ಹಸಿರು ಚುಕ್ಕೆ ಮೂಡುವುದನ್ನು ಎಷ್ಟು ಸಲ ನೋಡಿದರೂ ಅವನಿಗೆ ಬೇಸರವಿಲ್ಲ. ಹಿಂದಿನ ದಿನವೇ ಕಾಯಿಸಿ ಇಟ್ಟಿದ್ದ. ಇಂದು ಪೆಟ್ಟಿಗೆಯೊಳಗೆ ಕೊಳವೆ ಬಿಚ್ಚಿ ಹರಳುಗಳನ್ನು ಕೆರೆದು ಸೀಸೆಗೆ ತುಂಬುವುದಷ್ಟೆ. ಕೆರೆಯುತ್ತ ಕೆರೆಯುತ್ತ ಅವನಿಗೆ ಹೆಂಡತಿಯ ಕುತ್ತಿಗೆ ನೆನಪಾಯಿತು. ಕನ್ನಡಿಯ ಮುಂದೆ ನಿಂತು ಗಂಟಲಿನ ಬುಡವನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು. ಇವನು ಬಂದೊಡನೆ ಕೂದಲು ಸರಿ ಮಾಡಿಕೊಳ್ಳುವವಳಂತೆ ಕೈ ಮೇಲಕ್ಕೆ ಒಯ್ದಿದ್ದಳು. ಯಾವಾಗ ಅದು? ಮಗಳು ಬಂದು ಹೋದಮೇಲೋ, ಮೊದಲೋ? ಗವಸಿನೊಳಗೆ ಅಂಗೈ ಬೆವೆತಿತ್ತು. ಚಿಮಟ ಜಾರಿತು. ಒಂದು ಹರಳು ಪೆಟ್ಟಿಗೆಯ ತಳಕ್ಕೆ ಬಿದ್ದು ಹಸಿರಾಗಿ ಹೊಳೆಯುತ್ತ ಕೂತಿತು, ನೀನು ಎಲ್ಲಿದ್ದೀಯ ಎಂದು ಕೇಳಿದಂತೆ.

ಮಧ್ಯಾಹ್ನದ ಊಟಕ್ಕೆ ಹೊರಡುವಾಗ ಬಾಗಿಲಲ್ಲಿ ಕೋಟು ಕಳಚಿ ಕೈಗಳನ್ನು ಮೀಟರಿಗೆ ತೋರಿಸಿದ. ಸುಮ್ಮನಿತ್ತು. ಪಾದಗಳಿಗೆ ಸುಮ್ಮನಿತ್ತು. ನಿಯಮದಂತೆ ಮೀಟರಿನ ಹಿಡಿಕೆಯನ್ನು ಎದೆಯ ಮೇಲೆ ಆಡಿಸಿದ. ಮೀಟರು ಗಂಟಲು ಸರಿಮಾಡಿಕೊಂಡಂತೆ ಟಿಕ್ ಎಂದಿತು. ಮತ್ತೆ ಟಿಕ್ ಟಿಕ್. ಆಮೇಲೆ ಹುರಿಯುವ ಬಾಣಲೆಯ ಹಾಗೆ ಒಂದೇ ಸಮನೆ. ಹಿಂದೆ ಸಾಲಿನಲ್ಲಿ ನಿಂತಿದ್ದವರ ಮಾತು ನಿಂತಿತು. ಅವನಿಗೆ ಮೊದಲು ಹೊಳೆದದ್ದು, ಇವರೆಲ್ಲ ಕೇಳಿಸಿಕೊಂಡರು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಲ್ಲಿ ಹೆಗಲ ಮೇಲೆ ಬೂದಿಯಾದರೂ ಇತ್ತೋ ಇಲ್ಲವೋ. ಇವನ ಎದೆಯ ಮೇಲಂತೂ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಸಾಲಿನಲ್ಲಿದ್ದವನೊಬ್ಬ ಮೆಲ್ಲಗೆ, ಉಪ್ಪಣ್ಣಂಗೂ ಉಪ್ಪು ಹತ್ತಿತಾ ಎಂದ. ಯಾರೋ ನಕ್ಕು ತಕ್ಷಣ ನಿಲ್ಲಿಸಿದರು. ಆ ನಿಲ್ಲಿಸಿದ್ದು ನಗುವಿಗಿಂತ ಹೆಚ್ಚು ಚುಚ್ಚಿತು.

ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯನ್ನು ಕರೆದರು. ಎಲ್ಲರೂ ಮೀಟರಪ್ಪ ಎನ್ನುವ ಆ ಮನುಷ್ಯ ಇವನ ಓರಗೆಯವನೇ, ಇಬ್ಬರೂ ಒಂದೇ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಮೀಟರಪ್ಪ ಗಡಿಬಿಡಿ ಮಾಡಲಿಲ್ಲ. ಅಂಗಿ ಬಿಚ್ಚಿಸಿದ, ಕಾಗದದಂಥ ಬಿಳಿ ನಿಲುವಂಗಿಯೊಂದನ್ನು ಕೊಟ್ಟ, ಪಕ್ಕದ ಕೋಣೆಯ ಸ್ಟೂಲಿನ ಮೇಲೆ ಕೂರಿಸಿದ. ಬರಿ ಎದೆಗೆ ಮೀಟರು ಹಿಡಿದರೆ ನಿಶ್ಶಬ್ದ. ಎಲ್ಲ ಅಂಗಿಯಲ್ಲೇ ಇತ್ತು. ಹಾಗಾದರೆ ಗವಸು ಹರಿದಿರಬೇಕು ಎಂದು ಗವಸು ನೋಡಿದರು, ಹರಿದಿರಲಿಲ್ಲ. ಪೆಟ್ಟಿಗೆಯ ಮುಂಭಾಗ ಒರೆಸಿದರು, ಕುರ್ಚಿ, ನೆಲ, ಕೋಟಿನ ಒಳಮೈ, ಎಲ್ಲ ಒರೆಸಿ ನೋಡಿದರು. ಎಲ್ಲ ಚೊಕ್ಕಟ. ನಿಲುವಂಗಿಯೊಳಗೆ ರೆಕ್ಕೆ ಕಿತ್ತ ಕೋಳಿಯಂತೆ ಕೂತಿದ್ದ ಅವನಿಗೆ ಒಂದೊಂದು ಚೊಕ್ಕಟವೂ ಒಂದೊಂದು ಬಾಗಿಲು ಮುಚ್ಚಿದಂತೆ ಕೇಳಿಸುತ್ತಿತ್ತು. ಲ್ಯಾಬಿನಲ್ಲಿ ಎಲ್ಲೂ ಇಲ್ಲವೆಂದರೆ ಇನ್ನೆಲ್ಲಿಂದ ಬಂತು? ಅಂಗಿ ಬಂದದ್ದು ಮನೆಯಿಂದ. ಅಂದರೆ ಮನೆಯಲ್ಲಿದೆ. ಎಂದೋ ಒಂದು ದಿನ ಸರಿಯಾಗಿ ತಿಕ್ಕದೆ ಒಯ್ದದ್ದು ಅಲ್ಲಿ ಕೂತಿದೆ, ದಿಂಬಿನಲ್ಲಿ, ಕುರ್ಚಿಯ ಬೆನ್ನಿನಲ್ಲಿ. ಇವಳು ಅದನ್ನೇ ಗುಡಿಸಿದ್ದಾಳೆ, ಅದರ ಮೇಲೇ ಮಲಗಿದ್ದಾಳೆ. ಸ್ನಾನ ಮಾಡಿ, ಮುಟ್ಟಬೇಡ ಎಂದು ಹೇಳಿ, ಹೇಳಿದೆನಲ್ಲ ಎಂಬ ಧೈರ್ಯದಲ್ಲಿ ಉಂಡು ನಿದ್ದೆ ಮಾಡಿದ್ದಾನೆ ಅವನು. ಇಳಿದ ಮೈ, ನಡುಗುವ ಕೈ, ಕನ್ನಡಿಯ ಮುಂದೆ ಗಂಟಲು ಒತ್ತುವ ಬೆರಳು. ಅವಳಿಗೆ ಗೊತ್ತಾಗಿದೆ. ಅದಕ್ಕೇ ಮುಂದಿನ ಕೋಣೆ.

"ಇಲ್ನೋಡು," ಎಂದ ಮೀಟರಪ್ಪ.

ಅಂಗಿಯನ್ನು ಮೇಜಿನ ಮೇಲೆ ಹರಡಿದ್ದ. ಮೀಟರನ್ನು ಕಾಲರಿನಿಂದ ಇಳಿಸುತ್ತ ಬಂದ. ಎರಡನೆಯ ಗುಂಡಿಯ ಹತ್ತಿರ ಅದು ಹುಚ್ಚು ಹಿಡಿದಂತೆ ಕೂಗಿತು, ಮೂರನೆಯದಕ್ಕೆ ಬರುವಷ್ಟರಲ್ಲಿ ತಣ್ಣಗಾಯಿತು. ಒಂದೇ ಗುಂಡಿ. ಆಮೇಲೆ ಗುಂಡಿಗೂ ಮೀಟರಿಗೂ ನಡುವೆ ಒಂದು ಹಾಳೆ ಕಾಗದ ಹಿಡಿದ. ಕೂಗು ನಿಲ್ಲಲಿಲ್ಲ. ಅವನ ಊಟದ ಡಬ್ಬಿಯ ಸ್ಟೀಲಿನ ಮುಚ್ಚಳ ತೆಗೆದು ಅಡ್ಡ ಹಿಡಿದ. ಆಗಲೂ ನಿಲ್ಲಲಿಲ್ಲ.

"ನಿನ್ನ ಉಪ್ಪಾಗಿದ್ರೆ ಅದರ ಕಿರಣ ಅರ್ಧ ಪಾಲು ಕಾಗದಕ್ಕೆ ಬಗ್ಗೋದು, ಉಳಿದರ್ಧ ಮುಚ್ಚಳಕ್ಕೆ ಬಗ್ಗೋದು. ಇದು ಎರಡಕ್ಕೂ ಕ್ಯಾರೆ ಅನ್ನಲ್ಲ. ನಿನಗೆ ನಾನು ಹೇಳ್ಬೇಕೇನಯ್ಯ ಇದನ್ನ?"

ಹೇಳಬೇಕಾಗಿರಲಿಲ್ಲ. ಹೊಸದಾಗಿ ಬಂದವರಿಗೆಲ್ಲ ಮೊದಲ ದಿನ ಅವನೇ ಕಲಿಸುವ ಪಾಠ ಅದು. ಹೆದರಿಕೆಯಲ್ಲಿ ಕಲಿತದ್ದೆಲ್ಲ ತಲೆಯಿಂದ ಇಳಿದುಹೋಗಿತ್ತು. ಮೀಟರಪ್ಪ ಕನ್ನಡಕ ತೆಗೆದು ಒರೆಸಿಕೊಂಡ, ಬೇರೆ ಕಡೆ ನೋಡುತ್ತ ಕೇಳಿದ.

"ಮನೇಲಿ ಯಾರಾದ್ರೂ ಆಸ್ಪತ್ರೆಗೆ ಹೋಗಿದ್ರಾ? ಥೈರಾಯ್ಡ್‌ಗೆ ಗುಳಿಗೆ ಕೊಡ್ತಾರಲ್ಲ, ವಿಕಿರಣ ಸೂಸೋ ಅಯೋಡಿನ್ನಿಂದು. ಅದು ಕೆಲವು ದಿನ ಬೆವರಲ್ಲಿ, ಎಂಜಲಲ್ಲಿ ಬರ್ತಿರುತ್ತೆ. ಹಿಂದೆ ಒಬ್ಬರ ಅಂಗಿ ಹೀಗೇ ಕೂಗಿತ್ತು."

"ಗೊತ್ತಿಲ್ಲ," ಎಂದ ಅವನು.

ಮೀಟರಪ್ಪ ಒಂದು ಕ್ಷಣ ಅವನ ಮುಖ ನೋಡಿದ. ಮನೆಯಲ್ಲಿರುವುದು ಇಬ್ಬರು, ಅದರಲ್ಲಿ ಒಬ್ಬರು ಆಸ್ಪತ್ರೆಗೆ ಹೋಗಿದ್ದರೋ ಇಲ್ಲವೋ ಇನ್ನೊಬ್ಬರಿಗೆ ಗೊತ್ತಿಲ್ಲ. ಬಾಗಿಲಲ್ಲಿ ಅಷ್ಟು ಜನರೆದುರು ಎದೆ ಕೂಗಿದಾಗಲೂ ಆಗದ ಅವಮಾನ ಆ ಒಂದು ನೋಟಕ್ಕೆ ಆಯಿತು. ಹೆದರಬೇಡ, ಎಂಥ ಪುಟ್ಟ ಪ್ರಮಾಣ ಇದು ಎಂದು ಮೀಟರಪ್ಪ ಸಮಾಧಾನ ಹೇಳಿ, ಅಂಗಿಯನ್ನು ಚೀಲಕ್ಕೆ ಹಾಕಿ ಕಟ್ಟಿದ. ಅದರಷ್ಟಕ್ಕೆ ಅದು ತಣ್ಣಗಾದಮೇಲೆ ಕೊಡುತ್ತೇನೆಂದ. ತನ್ನ ಬೀರುವಿನಿಂದ ತನ್ನದೇ ಒಂದು ಅಂಗಿ ತೆಗೆದುಕೊಟ್ಟ. ಅದು ಇವನಿಗೆ ಜೋಳಿಗೆಯಂತಿತ್ತು, ಮೇಲಿನ ಗುಂಡಿಯೊಂದು ಅರ್ಧ ಕಿತ್ತುಬಂದಿತ್ತು. ನನ್ನವಳಿಗೆ ಹೇಳಿ ಹೇಳಿ ಸಾಕಾಯಿತು ಎಂದು ಮೀಟರಪ್ಪ ನಗಲು ನೋಡಿದ. ಇವನು ನಗಲಿಲ್ಲ. ಪೆಟ್ಟಿಗೆಯೊಳಗೆ ತಳಕ್ಕೆ ಬಿದ್ದ ಹರಳು ಇನ್ನೂ ಅಲ್ಲೇ ಇತ್ತು. ಯಾರೂ ಮುಟ್ಟದಿದ್ದರೆ ಎಷ್ಟು ಕಾಲವಾದರೂ ಹಾಗೇ ಇರುತ್ತದೆ.

ಬೇಗ ಹೊರಟ. ಬಸ್ಸಿಗೆ ಕಾಯದೆ ನಡೆದ. ಎದುರಿಗೆ ಬಂದವರಿಗೆಲ್ಲ ದಾರಿ ಬಿಟ್ಟು ಬಿಟ್ಟು ನಡೆದ. ತಂಗಿಯ ಮನೆ, ಬೇರೆ ಲೋಟ, ಲೋಟದ ಮೇಲೆ ಲೋಟ ನೀರು. ಬೆಳಗಿನವರೆಗೆ ಒಂದು ಅರ್ಥ ಹೇಳುತ್ತಿದ್ದ ಸಾಮಾನುಗಳೆಲ್ಲ ಈಗ ಎದ್ದು ಜಾಗ ಬದಲಿಸಿ ಕೂತವು. ಅವಳ ಕೈ ನಡುಗಿದ್ದು ಸಿಟ್ಟಿಗಲ್ಲ. ಕಿಟಕಿ ತೆರೆದದ್ದು ಅವನ ಗಾಳಿ ಆಗದೆ ಅಲ್ಲ. ಅವಳೊಳಗೆ ಒಂದು ಗ್ರಂಥಿ ಹಗಲೂ ರಾತ್ರಿ ಒಲೆ ಉರಿಸುತ್ತಿತ್ತು, ಪಕ್ಕದಲ್ಲಿ ಮಲಗಿದವನು ಕಂಬಳಿ ಹೊದ್ದುಕೊಂಡು ತನ್ನ ಬಗ್ಗೆಯೇ ಯೋಚಿಸುತ್ತಿದ್ದ.

ಬಾಗಿಲು ತೆರೆದವಳು ಅಭ್ಯಾಸದಂತೆ ಮೂರು ಹೆಜ್ಜೆ ಹಿಂದೆ ಹೋದಳು. ಬೆಳಕು ಇನ್ನೂ ಇತ್ತು. ಅವನ ಮೈಮೇಲಿನ ಅಂಗಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರದ್ರೀ ಇದು? ಗೂಟಕ್ಕೆ ಹಾಕಿದ ಹಾಗಿದೆ."

"ಮೀಟರಪ್ಪನದು." ಚಪ್ಪಲಿ ಬಿಡುತ್ತ ಹೇಳಿದ. "ನನ್ನದನ್ನ ಅವನು ಇಟ್ಕೊಂಡ. ಗುಂಡಿ ಕೂಗ್ತು. ನೀನು ಹೊಲಿದ ಗುಂಡಿ."

 ಅವಳ ಕೈ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ದಾರ ಕಚ್ಚಿದ ಹಲ್ಲು ಆ ಹೊತ್ತಿಗೆ ಅವಳಿಗೆ ನೆನಪಾಯಿತೆಂದು ಅವನಿಗೆ ಕಂಡಿತು. ಹೋಗಿ ಕಿಟಕಿಯ ಹತ್ತಿರದ ಮಂಚದ ಮೇಲೆ ಕೂತಳು. ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ನಡುವೆ ಇಡೀ ಕೋಣೆ ಇತ್ತು. ಅವಳು ಒಂದೊಂದಾಗಿ ಹೇಳಿದಳು. ಎದೆ ಹೊಡೆದುಕೊಳ್ಳುತ್ತಿತ್ತಂತೆ, ತಂಗಿಯೇ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳಂತೆ. ಅವಳ ಅಮ್ಮನಿಗೂ ಇದೇ ಇತ್ತಂತೆ, ಆ ಕಾಲದಲ್ಲಿ ಹೆಸರು ಗೊತ್ತಿರಲಿಲ್ಲ. ಇನ್ನು ಕೆಲವೇ ದಿನ ದೂರ ಇದ್ದರೆ ಸಾಕು, ವಾಸಿಯಾಗುತ್ತದಂತೆ. ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು.

"ಗುಳಿಗೆ ತಂದವರು ಕೈಗವಸು ಹಾಕ್ಕೊಂಡಿದ್ರು. ಸೀಸದ ಡಬ್ಬಿಯಿಂದ ಚಿಮಟದಲ್ಲಿ ಹಿಡಿದು ತೆಗೆದು, ಅಷ್ಟು ದೂರ ನಿಂತು, ನುಂಗಿ ಅಂದ್ರು. ಅವರು ಮುಟ್ಟಕ್ಕೂ ಹೆದರೋದನ್ನ ನಾನು ನುಂಗ್ಬೇಕು. ನಿಮ್ಮನ್ನ ನೆನೆಸ್ಕೊಂಡು ಅಲ್ಲೇ ನಕ್ಕುಬಿಟ್ಟೆ. ಅವರಿಗೆ ಇವಳಿಗೇನೋ ತಲೆ ಕೆಟ್ಟಿದೆ ಅನ್ನಿಸಿರ್ಬೇಕು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ? ತಲೆ ಮೇಲೆ ಕೈ ಹೊತ್ಕೊಂಡು, ಎಲ್ಲಾ ನನ್ನಿಂದಲೇ ಅಂತ ಕೂತಿರ್ತಿದ್ರಿ. ನಿಮ್ಮ ಉಪ್ಪಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಅಂತ ಡಾಕ್ಟರನ್ನ ನಾನೇ ಕೇಳಿದೀನಿ. ಅದನ್ನ ಹೇಳಿದ್ರೂ ನೀವು ನಂಬ್ತಿರ್ಲಿಲ್ಲ. ಕಾಯಿಲೆ ನನಗೆ, ಸಮಾಧಾನ ಮಾಡೋಳೂ ನಾನೇ ಆಗ್ಬೇಕಿತ್ತು. ಇದೊಂದಾದ್ರೂ ನನ್ನದಾಗಿರ್ಲಿ ಅನ್ನಿಸ್ತು ರೀ."

ತಪ್ಪು ತನ್ನದಲ್ಲ ಎಂದು ತಿಳಿದಮೇಲೆ ಹಗುರವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಎದೆಗವಚಿಕೊಂಡು ಕಾಪಾಡಿದ್ದ ಏನನ್ನೋ ಅವಳು ಮೆಲ್ಲಗೆ ಕೈಯಿಂದ ಬಿಡಿಸಿ ತೆಗೆದುಕೊಂಡಂತಾಗಿ, ಬರಿದಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಹಾಕಿಕೊಂಡು ಕೂತ. ಆ ಅಯೋಡಿನ್ನು ಎಷ್ಟು ದಿನಕ್ಕೆ ಅರ್ಧವಾಗುತ್ತದೆ, ಮತ್ತೆಷ್ಟಕ್ಕೆ ಕಾಲುಭಾಗ, ಅದೆಲ್ಲ ಬಾಯಿ ತುದಿಗೆ ಬಂತು. ನುಂಗಿಕೊಂಡ. ಇನ್ನೂ ಸೆಖೆ ಆಗುತ್ತದಾ ಎಂದು ಕೇಳಿದ. ಅವಳು ಅವನನ್ನೇ ನೋಡಿದಳು. ಮೊದಲಿಗಿಂತ ಪರವಾಗಿಲ್ಲ ಎಂದಳು. ಆಮೇಲೆ, ಮಾತು ಬದಲಿಸಲೋ ಎಂಬಂತೆ, ಅಂಗಿಯ ಕಡೆ ಗದ್ದ ಎತ್ತಿ ತೋರಿಸಿದಳು. ಇನ್ನೊಬ್ಬರ ಅಂಗಿ, ಆ ಗುಂಡಿ ಉದುರಿದರೆ ಏನು ಹೇಳ್ತೀರಿ, ಕೊಡಿ ಹಾಕಿಕೊಡ್ತೀನಿ ಎಂದು ಏಳಹೋದವಳು ಅರ್ಧ ಎದ್ದು ಮತ್ತೆ ಕೂತಳು.

ಹೊಲಿಗೆಯ ಡಬ್ಬಿ ಕುರ್ಚಿಯ ಪಕ್ಕದ ಗೂಡಿನಲ್ಲೇ ಇತ್ತು. ಅವನು ಅಂಗಿ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು, ಸೂಜಿ ತೆಗೆದು ಬೆಳಕಿಗೆ ಹಿಡಿದ. ದಪ್ಪ ರಬ್ಬರಿನ ಗವಸಿನೊಳಗಿಂದ ಸಾಸಿವೆ ಕಾಳಿನಷ್ಟು ಹರಳು ಎತ್ತುವ ಬೆರಳುಗಳಿಗೆ ಬರಿಗೈಯಲ್ಲಿ ದಾರ ಪೋಣಿಸಲು ಬರಲಿಲ್ಲ. ತುದಿ ಬಿಚ್ಚಿಕೊಂಡು ಹೂವಾಗಿತ್ತು. ಸೂಜಿಯ ಕಣ್ಣಿಗೆ ತಾಗಿ ತಾಗಿ ಬಾಗುತ್ತಿತ್ತು. ಅವಳು ಅಲ್ಲಿಂದಲೇ ಸ್ವಲ್ಪ ಹೊತ್ತು ನೋಡಿದಳು.

"ಹಾಗಲ್ಲ. ಬಾಯಲ್ಲಿ ಇಟ್ಟು ಒದ್ದೆ ಮಾಡ್ರಿ."

ಅವನು ದಾರ ಹಿಡಿದುಕೊಂಡು ಕೂತ. ಭುಜ ತಾನಾಗಿ ಮೇಲೆದ್ದು ಮೂಗನ್ನು ತಿಕ್ಕಿಕೊಂಡಿತು. ಎತ್ತು ಎಂದಳು ಅವಳು, ಮೆಲ್ಲಗೆ. ಆಮೇಲೆ ಅವನು ದಾರದ ತುದಿಯನ್ನು ತುಟಿಗಳ ನಡುವೆ ಇಟ್ಟ. ಯಾವ ರುಚಿಯೂ ಇರಲಿಲ್ಲ. ಹತ್ತಿಯ ಒರಟು, ಅಷ್ಟೆ. ನಾಲಿಗೆಯಲ್ಲಿ ಹೊಸೆದು ತೆಗೆದ. ಈ ಸಲ ಒಂದೇ ಸಲಕ್ಕೆ ಸೂಜಿಯ ಕಣ್ಣು ದಾಟಿತು. ಮೇಲಿನಿಂದ ಚುಚ್ಚಿ, ಕೆಳಗಿಂದ ಎಳೀರಿ, ಅಷ್ಟು ಬಿಗಿಬೇಡ, ಬಟ್ಟೆಗೂ ಉಸಿರಾಡಕ್ಕೆ ಜಾಗ ಬೇಕು ಎಂದು ಅವಳು ಕಿಟಕಿಯಿಂದ ಹೇಳುತ್ತಿದ್ದಳು, ಅವನು ಬಾಗಿಲಲ್ಲಿ ಹೊಲಿಯುತ್ತಿದ್ದ. ಗುಂಡಿ ಸೊಟ್ಟಗೆ ಕೂತಿತು. ಗಂಟು ಹಾಕಿ, ಕತ್ತರಿಗಾಗಿ ಡಬ್ಬಿಯಲ್ಲಿ ಕೈಯಾಡಿಸಿದ. ಕತ್ತರಿ ಅಲ್ಲೇ ಇತ್ತು, ಬೆರಳಿಗೆ ತಣ್ಣಗೆ ತಾಗಿತು. ಅದನ್ನು ಅಲ್ಲೇ ಬಿಟ್ಟು, ಅಂಗಿಯನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡು, ಅವಳು ನೋಡುತ್ತಿರುವಂತೆಯೇ ದಾರವನ್ನು ಹಲ್ಲಲ್ಲಿ ಕಚ್ಚಿ ಕಡಿದ.